ಮರುಮುದ್ರಣ ಕಾಣದ ಕಾದಂಬರಿಗಳನ್ನು ಓಸಿಆರ್ ಮೂಲಕ ಪಠ್ಯವಾಗಿಸುವ ಬಗೆ

ಪುಸ್ತಕಗಳನ್ನು ಬಾಡಿಗೆಗೆ ಕೊಡುತ್ತಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳ ಕಪಾಟುಗಳನ್ನು ಒಂದು ಕಾಲಕ್ಕೆ ತುಂಬಿದ್ದ ಕನ್ನಡದ ಪತ್ತೇದಾರಿ ಮತ್ತು ಸಾಮಾಜಿಕ ಕಾದಂಬರಿಗಳ ಪೈಕಿ ಎಷ್ಟೋ ಪುಸ್ತಕಗಳು ಮೊದಲ ಮುದ್ರಣಕ್ಕೇ ನಿಂತುಹೋದವು. ಅಗ್ಗದ ನ್ಯೂಸ್‌ಪ್ರಿಂಟ್ ಕಾಗದದ ಮೇಲೆ ಅಚ್ಚಾಗಿ, ತೆಳುವಾದ ಹೊದಿಕೆ ತೊಟ್ಟು, ಬೆನ್ನಿನ ಬದಿಯಲ್ಲಿ ಪಿನ್ನು ಹೊಡೆಸಿಕೊಂಡು ಹೊರಬಂದ ಆ ಪ್ರತಿಗಳು ಇಂದು ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಕಡೆ ಸಿಕ್ಕರೂ, ಪುಟದ ಮೂಲೆ ಮಡಿಸಿದರೆ ಅಲ್ಲಿಗೇ ಮುರಿಯುವ ಸ್ಥಿತಿಯಲ್ಲಿರುತ್ತವೆ. ಅಂಥ ಪುಸ್ತಕವೊಂದನ್ನು ಉಳಿಸಿಕೊಳ್ಳಬೇಕೆಂದಿರುವ ಓದುಗರಿಗಾಗಿ ಈ ಬರಹ. ಪುಟಗಳ ಚಿತ್ರ ತೆಗೆದು ಪಿಡಿಎಫ್ ಮಾಡಿಟ್ಟರೆ ಪುಸ್ತಕದ ರೂಪ ಉಳಿಯುತ್ತದೆ; ಆದರೆ ಅದರೊಳಗೆ ಒಂದು ಹೆಸರನ್ನು ಹುಡುಕಲು, ಅಕ್ಷರವನ್ನು ದೊಡ್ಡದು ಮಾಡಿಕೊಂಡು ಮೊಬೈಲಿನಲ್ಲಿ ಓದಲು, ಕಣ್ಣು ಕಾಣದವರು ಓದುಯಂತ್ರದಿಂದ ಕೇಳಲು ಚಿತ್ರ ಸಾಲದು, ಪಠ್ಯವೇ ಬೇಕು. ಚಿತ್ರದಿಂದ ಪಠ್ಯ ತೆಗೆಯುವ ಕೆಲಸವನ್ನು ಓಸಿಆರ್ ತಂತ್ರಾಂಶ ಮಾಡುತ್ತದೆ. ಆದರೆ ಇಡೀ ಕೆಲಸದಲ್ಲಿ ಅದರ ಪಾಲು ಅತಿ ಚಿಕ್ಕದು. ಒಳ್ಳೆಯ ಚಿತ್ರ ಮತ್ತು ತಾಳ್ಮೆಯಿಂದ ಮಾಡಿದ ಕರಡು ತಿದ್ದುವಿಕೆ, ಇವೆರಡೇ ಫಲಿತಾಂಶವನ್ನು ನಿರ್ಧರಿಸುತ್ತವೆ.

ಸ್ಕ್ಯಾನ್ ಮಾಡುವ ಮೊದಲು

ಮೊದಲಿಗೆ, ಬೇರೆ ಯಾರಾದರೂ ಈ ಕೆಲಸವನ್ನು ಆಗಲೇ ಮಾಡಿದ್ದಾರೆಯೇ ಎಂದು ನೋಡಬೇಕು. ಇಂಟರ್ನೆಟ್ ಆರ್ಕೈವ್‌ನಲ್ಲಿ, ಅದರಲ್ಲೂ ಹಳೆಯ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಪುಸ್ತಕಗಳಿರುವ ಭಾಗದಲ್ಲಿ ಮತ್ತು ಸರ್ವೆಂಟ್ಸ್ ಆಫ್ ನಾಲೆಡ್ಜ್ ಸಂಗ್ರಹದಲ್ಲಿ, ಕನ್ನಡ ಪುಸ್ತಕಗಳು ಸಾಕಷ್ಟಿವೆ. ಅಲ್ಲಿ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಮನಬಂದಂತೆ ಬರೆದಿರುವುದುಂಟು; ಆದ್ದರಿಂದ ಪುಸ್ತಕದ ಹೆಸರು, ಲೇಖಕರ ಹೆಸರು, ಪ್ರಕಾಶಕರ ಹೆಸರುಗಳನ್ನು ಎರಡು ಮೂರು ಬಗೆಯ ಕಾಗುಣಿತದಲ್ಲಿ ಹುಡುಕುವುದು ಒಳ್ಳೆಯದು.

ಎರಡನೆಯ ವಿಚಾರವನ್ನು ಬಹಳ ಮಂದಿ ಮರೆಯುತ್ತಾರೆ. ಪುಸ್ತಕವು ಸೀಸದ ಅಚ್ಚುಮೊಳೆಗಳನ್ನು ಜೋಡಿಸಿ ಅಚ್ಚು ಮಾಡಿದ್ದಲ್ಲದೆ ಡಿಟಿಪಿ ಕಾಲದ್ದಾಗಿದ್ದರೆ, ಅಂದರೆ ಅಕ್ಷರಗಳನ್ನು ಗಣಕದಲ್ಲಿ ಜೋಡಿಸಿದ್ದರೆ, ಲೇಖಕರ ಬಳಿಯೋ ಪ್ರಕಾಶಕರ ಬಳಿಯೋ ಡಿಟಿಪಿ ಮಾಡಿದವರ ಬಳಿಯೋ ಆ ಕಡತ ಇನ್ನೂ ಇರುವ ಸಾಧ್ಯತೆಯಿದೆ. ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶದ ಕಡತದಲ್ಲಿ, ನುಡಿ, ಬರಹ ಅಥವಾ ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಅಕ್ಷರ ವಿನ್ಯಾಸದಲ್ಲಿರುವ ಪಠ್ಯವನ್ನು ಹಾಗೆಯೇ ನಕಲು ಮಾಡಿದರೆ ರೋಮನ್ ಅಕ್ಷರಗಳ ಗೋಜಲು ಕಾಣುತ್ತದೆ. ಅದನ್ನು ಎಲ್ಲ ಗಣಕಗಳಿಗೂ ಅರ್ಥವಾಗುವ ಯುನಿಕೋಡ್ ಸಂಕೇತಗಳಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಹಾಗೆ ಪರಿವರ್ತಿಸಿದ ಪಠ್ಯದಲ್ಲಿ ಉಳಿಯುವ ತಪ್ಪುಗಳು ಅತ್ಯುತ್ತಮ ಓಸಿಆರ್ ಮಾಡುವ ತಪ್ಪುಗಳಿಗಿಂತ ಎಷ್ಟೋ ಕಡಿಮೆ. ಒಂದು ದೂರವಾಣಿ ಕರೆಯಿಂದ ತಿಂಗಳ ದುಡಿಮೆ ಉಳಿಯಬಹುದಾದಾಗ ಸ್ಕ್ಯಾನರ್ ಹಿಡಿದು ಕೂರುವುದು ಜಾಣತನವಲ್ಲ.

ಬಳಿಕ ಪ್ರತಿಯ ಪುಟಗಳನ್ನು ಒಂದೊಂದಾಗಿ ಎಣಿಸಬೇಕು. ಬಾಡಿಗೆಗೆ ತಿರುಗಿದ ಪುಸ್ತಕಗಳಲ್ಲಿ ಮೊದಲ ಫಾರಮ್ಮಿನ (ಒಟ್ಟಿಗೆ ಅಚ್ಚಾದ ಪುಟಗಳ ಕಂತೆಯ) ಹಾಳೆಗಳು ಮತ್ತು ಕೊನೆಯ ನಾಲ್ಕಾರು ಪುಟಗಳು ಕಾಣೆಯಾಗಿರುವುದು ಸಾಮಾನ್ಯ, ಮತ್ತು ಪತ್ತೇದಾರಿ ಕಾದಂಬರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಪುಟ ಕಳೆದಿದ್ದರೆ ಅದೇ ಮುದ್ರಣದ ಇನ್ನೊಂದು ಪ್ರತಿ ಸಿಗುವವರೆಗೆ ಆ ಜಾಗವನ್ನು ಖಾಲಿ ಬಿಟ್ಟು ಗುರುತು ಹಾಕಿಡಬೇಕೇ ಹೊರತು, ಬೇರೆ ಮುದ್ರಣದ ಪುಟವನ್ನು ಸದ್ದಿಲ್ಲದೆ ಸೇರಿಸಬಾರದು.

ಚಿತ್ರ ತೆಗೆಯುವುದು

ಬದಿಯಲ್ಲಿ ಪಿನ್ನು ಹೊಡೆದ ಪುಸ್ತಕ ಪೂರ್ತಿ ತೆರೆದುಕೊಳ್ಳುವುದಿಲ್ಲ. ಬಲವಂತ ಮಾಡಿದರೆ ಬೆನ್ನು ಒಡೆಯುತ್ತದೆ. ಪ್ರತಿ ನಿಮ್ಮದೇ ಆಗಿದ್ದು, ಬಿಚ್ಚಲು ಮನಸ್ಸು ಒಪ್ಪಿದರೆ, ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಪಿನ್ನಿನ ಕಾಲುಗಳನ್ನು ನೆಟ್ಟಗೆ ಮಾಡಿ, ಇನ್ನೊಂದು ಬದಿಯಿಂದ ಇಕ್ಕಳದಲ್ಲಿ ಎಳೆದು ತೆಗೆಯಬಹುದು. ತುಕ್ಕು ಹಿಡಿದ ಪಿನ್ನಿನ ಸುತ್ತ ಕಾಗದ ಸುಟ್ಟಂತೆ ಕಂದಿರುತ್ತದೆಯಾದ್ದರಿಂದ ಅಲ್ಲಿ ಅವಸರ ಸಲ್ಲದು. ಬಿಡಿಯಾದ ಹಾಳೆಗಳನ್ನು ಮಾಮೂಲಿ ಚಪ್ಪಟೆ ಸ್ಕ್ಯಾನರ್ ಮೇಲೆ ಒಂದೊಂದಾಗಿ ಇಡಬೇಕು. ಹಾಳೆಗಳನ್ನು ತಾನೇ ಎಳೆದುಕೊಳ್ಳುವ ಯಂತ್ರಕ್ಕೆ ಹಳೆಯ ನ್ಯೂಸ್‌ಪ್ರಿಂಟನ್ನು ಕೊಟ್ಟರೆ ಅದು ಹರಿದು ಹೊರಬರುತ್ತದೆ.

ಪುಸ್ತಕ ಎರವಲು ತಂದದ್ದಾದರೆ ಮೊಬೈಲ್ ಕ್ಯಾಮೆರಾವೇ ಸಾಕು. ಪುಸ್ತಕವನ್ನು ಸುಮಾರು ನೂರು ಡಿಗ್ರಿಯಷ್ಟು ಮಾತ್ರ ತೆರೆದು, ಒಂದು ಬದಿಯನ್ನು ಆನಿಸಿಟ್ಟು, ಓದಬೇಕಾದ ಪುಟದ ಮೇಲೆ ಗಾಜಿನ ಹಾಳೆ ಒತ್ತಿ, ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಪುಟಕ್ಕೆ ನೇರವಾಗಿ ನಿಲ್ಲಿಸಬೇಕು. ಬೆಳಕು ಎರಡೂ ಬದಿಯಿಂದ ಓರೆಯಾಗಿ ಬೀಳಲಿ. ಮೇಲಿನಿಂದ ನೇರವಾಗಿ ಬಿದ್ದರೆ ಗಾಜಿನಲ್ಲಿ ದೀಪದ ಪ್ರತಿಬಿಂಬ ಮೂಡುತ್ತದೆ. ಮೊದಲು ಎಲ್ಲ ಬಲಪುಟಗಳನ್ನು, ಆಮೇಲೆ ಪುಸ್ತಕ ತಿರುಗಿಸಿ ಎಲ್ಲ ಎಡಪುಟಗಳನ್ನು ತೆಗೆದರೆ ಪ್ರತಿ ಸಲ ಸ್ಟ್ಯಾಂಡ್ ಹೊಂದಿಸುವ ಗೋಳಿಲ್ಲ.

ಇಂಗ್ಲಿಷ್ ಪುಸ್ತಕಗಳಿಗೆ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಎಂಬ ಅಳತೆ) ಸಾಕೆನ್ನುತ್ತಾರೆ. ಕನ್ನಡಕ್ಕೆ 400 ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ, ಏಕೆಂದರೆ ನಮ್ಮಲ್ಲಿ ಅರ್ಥ ಬದಲಿಸುವ ಗುರುತುಗಳೆಲ್ಲ ಚಿಕ್ಕವು: ದಕಾರವನ್ನು ಧಕಾರವಾಗಿಸುವ ಕೆಳಗಿನ ಸೀಳು, ಸಾಲಿನಡಿಯ ಒತ್ತಕ್ಷರ, ಅಕ್ಷರದ ತಲೆಯ ಮೇಲಿನ ಎತ್ವದ ಸುರುಳಿ. 7 ಇಂಚು ಎತ್ತರದ ಪುಟಕ್ಕೆ 400 ಡಿಪಿಐ ಎಂದರೆ 2800 ಪಿಕ್ಸೆಲ್. 12 ಮೆಗಾಪಿಕ್ಸೆಲ್ ಫೋನಿನ ಚಿತ್ರದ ಉದ್ದ ಸುಮಾರು 4000 ಪಿಕ್ಸೆಲ್ ಇರುವುದರಿಂದ, ಒಂದೇ ಪುಟ ಚೌಕಟ್ಟು ತುಂಬುವಂತೆ ತೆಗೆದರೆ ಲೆಕ್ಕ ಸರಿಹೋಗುತ್ತದೆ. ಸ್ಕ್ಯಾನರ್‌ನಲ್ಲಿ ಬರಿಯ ಕಪ್ಪು-ಬಿಳುಪನ್ನು ಆರಿಸದೆ ಬೂದುಛಾಯೆಯ ಆಯ್ಕೆ ಇಟ್ಟು, ಮೂಲ ಚಿತ್ರಗಳನ್ನು ಟಿಫ್ ಅಥವಾ ಪಿಎನ್‌ಜಿ ರೂಪದಲ್ಲಿ ಉಳಿಸಬೇಕು. ತೆಳು ಕಾಗದದಲ್ಲಿ ಹಿಂಬದಿಯ ಅಕ್ಷರ ಇಣುಕುತ್ತಿದ್ದರೆ ಹಾಳೆಯ ಹಿಂದೆ ಕಪ್ಪು ಕಾಗದ ಇಡಿ; ಆ ನೆರಳು ಬಹುಮಟ್ಟಿಗೆ ಮಾಯವಾಗುತ್ತದೆ. ಕಡತಗಳಿಗೆ 001, 002 ಎಂದು ಸೊನ್ನೆ ಸೇರಿಸಿ ಹೆಸರಿಡಿ, ಮತ್ತು ಆ ಅಂಕಿ ಮುದ್ರಿತ ಪುಟಸಂಖ್ಯೆಗೆ ಹೊಂದುವಂತೆ ನೋಡಿಕೊಳ್ಳಿ.

ಚಿತ್ರಗಳನ್ನು ಓರಣ ಮಾಡಲು ಸ್ಕ್ಯಾನ್ ಟೈಲರ್ ಎಂಬ ಉಚಿತ ತಂತ್ರಾಂಶವಿದೆ. ಅದು ಜೋಡಿಪುಟವನ್ನು ಸೀಳುತ್ತದೆ, ವಾಲಿದ ಪುಟವನ್ನು ನೆಟ್ಟಗೆ ನಿಲ್ಲಿಸುತ್ತದೆ, ಅಂಚಿನ ಕಲೆಗಳನ್ನು ಬಿಟ್ಟು ಪಠ್ಯದ ಭಾಗವನ್ನಷ್ಟೇ ಹಿಡಿಯುತ್ತದೆ, ಕೊನೆಗೆ ಶುದ್ಧ ಕಪ್ಪು-ಬಿಳುಪು ಚಿತ್ರ ಕೊಡುತ್ತದೆ. ಈ ಕೊನೆಯ ಹಂತದಲ್ಲಿ ಗೆರೆಯ ದಪ್ಪವನ್ನು ಏರಿಳಿಸಲು ಅವಕಾಶವಿದೆ. ತೀರಾ ತೆಳುವಾಗಿಸಿದರೆ ಎತ್ವದ ಎಳೆ ಕಡಿಯುತ್ತದೆ, ತೀರಾ ದಪ್ಪವಾಗಿಸಿದರೆ ಷಕಾರದ ಹೊಟ್ಟೆ ತುಂಬಿ ಪಕಾರಕ್ಕೂ ಅದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಮಸಿ ಮಂಕಾದ ಒಂದು ಪುಟ, ಮಸಿ ಹೆಚ್ಚಾದ ಒಂದು ಪುಟ ಆರಿಸಿಕೊಂಡು ಎರಡರಲ್ಲೂ ಪರೀಕ್ಷಿಸಿದ ಮೇಲೆಯೇ ಇಡೀ ಪುಸ್ತಕಕ್ಕೆ ಅನ್ವಯಿಸುವುದು ವಾಸಿ. ಗ್ರಂಥಾಲಯದ ನೇರಳೆ ಮುದ್ರೆ ಅಕ್ಷರಗಳ ಮೇಲೆ ಬಿದ್ದಿದ್ದರೆ ಆ ಪುಟವನ್ನು ಮಾತ್ರ ಬಣ್ಣದಲ್ಲಿ ಸ್ಕ್ಯಾನ್ ಮಾಡಬೇಕು. ಬಣ್ಣವಿದ್ದರೆ ಮುದ್ರೆಯನ್ನು ಅಕ್ಷರದಿಂದ ಬೇರ್ಪಡಿಸಬಹುದು.

ಅಕ್ಷರ ಗುರುತಿಸುವ ತಂತ್ರಾಂಶ

ಮನೆಯಲ್ಲಿ ಕುಳಿತು ಕನ್ನಡಕ್ಕೆ ಬಳಸಬಹುದಾದ ದಾರಿಗಳು ಮುಖ್ಯವಾಗಿ ಎರಡು. ಒಂದು ಟೆಸೆರಾಕ್ಟ್. 1980ರ ದಶಕದಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯಲ್ಲಿ ಹುಟ್ಟಿ, 2005ರಲ್ಲಿ ಮುಕ್ತ ತಂತ್ರಾಂಶವಾಗಿ, ಆಮೇಲೆ ಗೂಗಲ್‌ನ ಆಸರೆಯಲ್ಲಿ ಬೆಳೆದ ಇದು 2018ರ 4ನೇ ಆವೃತ್ತಿಯಿಂದ ನರಜಾಲದ ವಿಧಾನಕ್ಕೆ ಬದಲಾಯಿತು. ಕನ್ನಡಕ್ಕೆ ನೆಚ್ಚಿಕೊಳ್ಳುವಂತಾದದ್ದು ಆಮೇಲೆಯೇ ಎಂಬುದು ನನ್ನ ಅಭಿಪ್ರಾಯ. ಆದೇಶ ಟೈಪಿಸಲು ಹಿಂಜರಿಯುವವರು ಅದನ್ನು ಜಿ-ಇಮೇಜ್-ರೀಡರ್ ಎಂಬ ಕಿಟಕಿಯ ಮೂಲಕ ನಡೆಸಬಹುದು. ಕನ್ನಡದ ಭಾಷಾಕಡತಗಳಲ್ಲಿ ವೇಗದ್ದು ಮತ್ತು ಅತ್ಯುತ್ತಮ ಎಂಬ ಬಗೆಗಳಿವೆ. ಎರಡನೆಯದು ನಿಧಾನ, ಆದರೆ ಇಲ್ಲಿ ಅದನ್ನೇ ಹಾಕಿಕೊಳ್ಳಬೇಕು. ಕಾದಂಬರಿಯ ಪುಟ ಒಂದೇ ಅಂಕಣದ್ದಾದ್ದರಿಂದ, ಪುಟ ವಿಭಜನೆಯ ಆಯ್ಕೆಯಲ್ಲಿ ‘ಒಂದೇ ಪಠ್ಯಖಂಡ’ ಎಂಬ ಅರ್ಥದ 6ನೇ ಕ್ರಮವನ್ನು ಕೊಟ್ಟರೆ ಸಾಲುಗಳು ಹಿಂದುಮುಂದಾಗುವುದಿಲ್ಲ.

ಈ ತಂತ್ರಾಂಶವು ಪುಟವನ್ನು ಸಾಲುಗಳಾಗಿ ಕತ್ತರಿಸಿಕೊಂಡು ಒಂದೊಂದೇ ಸಾಲನ್ನು ಓದುತ್ತದೆ ಎಂಬುದನ್ನು ತಿಳಿದಿದ್ದರೆ ಅದರ ತಪ್ಪುಗಳ ಗುಟ್ಟು ಅರ್ಧ ತಿಳಿದಂತೆ. ಸಾಲು ಬಾಗಿದ್ದರೆ ಅದು ಎಡವುತ್ತದೆ. ಹಾಳೆ ಉಳಿಸಲೆಂದು ಸಾಲುಗಳನ್ನು ಒತ್ತೊತ್ತಾಗಿ ಕೂರಿಸಿದ ಅಗ್ಗದ ಮುದ್ರಣದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಕುತ್ತದೆ. ಆಗ ಒತ್ತು ಒಂದು ಕಡೆ ಕಳೆದುಹೋಗಿ ಇನ್ನೊಂದು ಕಡೆ ಇಲ್ಲದ ಗುಣಿತವಾಗಿ ಪ್ರತ್ಯಕ್ಷವಾಗುತ್ತದೆ. ಜೊತೆಗೆ, ಟೆಸೆರಾಕ್ಟ್‌ಗೆ ಪಾಠ ಹೇಳಿರುವುದು ಬಹುಪಾಲು ಗಣಕದ ಅಕ್ಷರ ವಿನ್ಯಾಸಗಳಿಂದ. ಸವೆದ ಸೀಸದ ಮೊಳೆಗಳ ಅಚ್ಚು ಅದಕ್ಕೆ ಅಷ್ಟು ಪರಿಚಿತವಲ್ಲ.

ಇನ್ನೊಂದು ದಾರಿ ಗೂಗಲ್ ಡ್ರೈವ್. ಪುಟದ ಚಿತ್ರವನ್ನು ಏರಿಸಿ, ಅದನ್ನು ಗೂಗಲ್ ಡಾಕ್ಸ್‌ನಲ್ಲಿ ತೆರೆಯುವಂತೆ ಹೇಳಿದರೆ, ಮೇಲೆ ಚಿತ್ರವೂ ಕೆಳಗೆ ಪಠ್ಯವೂ ಇರುವ ಹೊಸ ಕಡತ ಸಿಗುತ್ತದೆ. ಕಡತ 2 ಎಂಬಿಯೊಳಗಿರಲಿ ಎಂಬುದು ಗೂಗಲ್‌ನದೇ ಸೂಚನೆ. ಮೊಳೆಯ ಅಚ್ಚಿನ ಪುಸ್ತಕಗಳಲ್ಲಿ ಇದರ ಫಲಿತಾಂಶ ಸಾಮಾನ್ಯವಾಗಿ ಟೆಸೆರಾಕ್ಟ್‌ನದಕ್ಕಿಂತ ಮೇಲು. ಒಂದೊಂದೇ ಪುಟ ಏರಿಸುವ ಕಿರಿಕಿರಿ ಅದಕ್ಕೆ ತೆರುವ ಬೆಲೆ. ನನ್ನ ಮಟ್ಟಿಗೆ, ಹತ್ತು ಪುಟಗಳನ್ನು ಎರಡರಲ್ಲೂ ಹಾಯಿಸಿ ನೋಡಿ ಆ ಪುಸ್ತಕಕ್ಕೆ ಯಾವುದು ಒಗ್ಗುತ್ತದೆಯೋ ಅದನ್ನು ಆರಿಸುವುದೇ ಸರಿಯಾದ ಕ್ರಮ.

ಈಚೆಗೆ ಸಂಭಾಷಣೆಯ ಎಐ ತಂತ್ರಾಂಶಗಳಿಗೆ ಪುಟದ ಚಿತ್ರ ಕೊಟ್ಟು ಪಠ್ಯ ಕೇಳುವ ರೂಢಿ ಬೆಳೆಯುತ್ತಿದೆ. ಅವು ಕೊಡುವ ಕನ್ನಡ ಸರಾಗವಾಗಿಯೇ ಇರುತ್ತದೆ, ತೊಂದರೆ ಇರುವುದೂ ಅಲ್ಲಿಯೇ. ಓಸಿಆರ್ ತಪ್ಪಿದಾಗ ಪದ ಕೆಟ್ಟು ಕಣ್ಣಿಗೆ ಹೊಡೆಯುತ್ತದೆ; ಇವು ತಪ್ಪಿದಾಗ ಲೇಖಕರು ಬರೆಯದ, ಆದರೆ ಬರೆದಿರಬಹುದಾದ ವಾಕ್ಯ ಸಿಗುತ್ತದೆ, ಕೆಲವೊಮ್ಮೆ ಒಂದು ಸಾಲೇ ಬಿಟ್ಟುಹೋಗಿರುತ್ತದೆ. ಬಳಸಲೇಬೇಕೆಂದರೆ ಸಾಮಾನ್ಯ ಓಸಿಆರ್ ಪಠ್ಯವನ್ನೂ ಪಕ್ಕದಲ್ಲಿಟ್ಟುಕೊಂಡು ಎರಡರ ನಡುವಿನ ವ್ಯತ್ಯಾಸಗಳನ್ನು ಮೂಲಪುಟದೊಂದಿಗೆ ತಾಳೆ ನೋಡಬೇಕು.

ಕರಡು ತಿದ್ದುವುದು

ಇಲ್ಲಿಂದ ನಿಜವಾದ ಕೆಲಸ ಶುರು. ಪುಸ್ತಕದಲ್ಲಿ ಹೀಗೊಂದು ಸಾಲಿದೆ ಎಂದುಕೊಳ್ಳಿ: ‘ಅವನು ಒಳಬಂದಾಗ ಮೇಜಿನ ಮೇಲೆ ಅರ್ಧ ಕುಡಿದ ಕಾಫಿಯಿತ್ತು.’ ಓಸಿಆರ್ ಅದನ್ನು ‘ಅವನು ಒಳಬ೦ದಾಗ ಮೇಜಿನ ಮೇಲೆ ಅಧ೯ ಕುಡಿದ ಕಾಫಿಯಿತ್ತು’ ಎಂದು ಕೊಡಬಹುದು. ಮೇಲ್ನೋಟಕ್ಕೆ ಎರಡೂ ಒಂದೇ. ಆದರೆ ಎರಡನೆಯದರಲ್ಲಿ ‘ಬಂ’ ಎಂಬಲ್ಲಿ ಅನುಸ್ವಾರದ ಬದಲು ಕನ್ನಡದ ಸೊನ್ನೆ ಕುಳಿತಿದೆ, ‘ಅರ್ಧ’ ಎಂಬಲ್ಲಿ ಅರ್ಕಾವೊತ್ತಿನ ಬದಲು ಕನ್ನಡದ ಒಂಬತ್ತು ಕುಳಿತಿದೆ. ಓದುವ ಕಣ್ಣು ಮೋಸ ಹೋಗುತ್ತದೆ, ಹುಡುಕುವ ಯಂತ್ರ ಹೋಗುವುದಿಲ್ಲ: ‘ಅರ್ಧ’ ಎಂದು ಹುಡುಕಿದರೆ ಈ ಸಾಲು ಸಿಗುವುದೇ ಇಲ್ಲ, ಓದುಯಂತ್ರವು ಪದದ ನಡುವೆ ಅಂಕಿಯನ್ನು ಓದಿ ಮುಗ್ಗರಿಸುತ್ತದೆ.

ಇಂಥ ತಪ್ಪುಗಳಿಗೆ ಒಂದು ಕ್ರಮವಿರುವುದರಿಂದ ಕೈಯಿಂದ ತಿದ್ದುವ ಮೊದಲೇ ಅವುಗಳನ್ನು ಒಟ್ಟಾಗಿ ಸರಿಪಡಿಸಬಹುದು. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಅಥವಾ ಲಿಬ್ರೆ ಆಫೀಸ್‌ನಲ್ಲಿ ನಮೂನೆ ಹುಡುಕಾಟದ (ರೆಗ್ಯುಲರ್ ಎಕ್ಸ್‌ಪ್ರೆಶನ್) ಸೌಲಭ್ಯವಿದೆ. ಕನ್ನಡ ಅಕ್ಷರ ಅಥವಾ ಗುಣಿತದ ಗುರುತಿನ ಬೆನ್ನಿಗೇ ಬಂದ ಸೊನ್ನೆಯನ್ನು ಅನುಸ್ವಾರವಾಗಿಸಲು ಒಂದು ನಿಯಮ ಸಾಕು. ಅಂಕಿಯ ನಂತರ ಬಂದ ಸೊನ್ನೆಯನ್ನು ಮುಟ್ಟಬಾರದು, ಇಲ್ಲದಿದ್ದರೆ ಇಸವಿಗಳು ಕೆಡುತ್ತವೆ. ಒಂಬತ್ತರ ವಿಷಯ ಇನ್ನಷ್ಟು ಸೂಕ್ಷ್ಮ. ಅರ್ಕಾವೊತ್ತು ಕಾಣುವುದು ಅಕ್ಷರದ ನಂತರ, ಆದರೆ ಯುನಿಕೋಡ್‌ನಲ್ಲಿ ರಕಾರ ಮತ್ತು ಹಲಂತ ಬರುವುದು ಆ ಅಕ್ಷರದ ಮೊದಲು. ಹಾಗಾಗಿ ‘ಮೂತಿ೯’ ಎಂಬುದು ‘ಮೂರ್ತಿ’ ಆಗಬೇಕಾದರೆ ಒಂಬತ್ತನ್ನು ಅಳಿಸಿ, ಅದರ ಹಿಂದಿನ ಇಡೀ ಗುಣಿತಾಕ್ಷರವನ್ನು ದಾಟಿ, ‘ತಿ’ಯ ಮುಂಚೆ ‘ರ್’ ಇಡುವಂತೆ ನಿಯಮ ಬರೆಯಬೇಕು. ಎಲ್ಲವನ್ನೂ ಒಮ್ಮೆಗೇ ಬದಲಿಸದೆ ಮೊದಲ ಇಪ್ಪತ್ತು ಮೂವತ್ತನ್ನು ಒಂದೊಂದಾಗಿ ನೋಡಿ ಒಪ್ಪಿಕೊಳ್ಳುವುದು ಕ್ಷೇಮ.

ಕಣ್ಣಿಗೆ ಕಾಣದ ಇನ್ನೊಂದು ತೊಡಕಿದೆ. ‘ಕೀ’ ಎಂಬುದರ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಗುಡಿಸು ಮತ್ತು ದೀರ್ಘದ ಗುರುತು ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಏತ್ವ, ಐತ್ವ, ಒತ್ವ, ಓತ್ವಗಳಿಗೂ ಇದೇ ಗತಿ. ಯುನಿಕೋಡ್‌ನ ಎನ್‌ಎಫ್‌ಸಿ ಎಂಬ ಸಾಮಾನ್ಯೀಕರಣವನ್ನು ಇಡೀ ಕಡತಕ್ಕೆ ಒಮ್ಮೆ ಹಾಯಿಸಿದರೆ ಇವೆಲ್ಲ ಒಂದೇ ರೂಪಕ್ಕೆ ಬರುತ್ತವೆ. ‘ಇನ್‌ಸ್ಪೆಕ್ಟರು’ ಎಂಬಲ್ಲಿ ನಕಾರವನ್ನು ಬಿಡಿಯಾಗಿ ನಿಲ್ಲಿಸುವ ಅಗೋಚರ ಸಂಕೇತವನ್ನು ಓಸಿಆರ್ ಬಿಟ್ಟುಬಿಡುವುದುಂಟು. ಪುಸ್ತಕದಲ್ಲಿ ಹೇಗೆ ಅಚ್ಚಾಗಿದೆಯೋ ಹಾಗೆ ಕಾಣುವಂತೆ ಅದನ್ನು ಮತ್ತೆ ಸೇರಿಸಬೇಕು.

ಸಾಲಿನ ಕೊನೆಯಲ್ಲಿ ತುಂಡಾದ ಪದಗಳನ್ನು ಜೋಡಿಸುವುದು ಮುಂದಿನ ಕೆಲಸ. ಹೈಫನ್ ಇದ್ದ ಕಡೆ ಸುಲಭ. ಹೈಫನ್ ಹಾಕದೆಯೇ ಪದ ಮುರಿದಿರುವ ಕಡೆ, ಸಾಲುಗಳನ್ನು ಕೂಡಿಸಿದಾಗ ‘ಓಡಿ ದಳು’ ಎಂಬಂಥ ಒಡಕು ಪದಗಳು ಉಳಿಯುತ್ತವೆ. ಇವನ್ನು ಕಾಗುಣಿತ ಪರೀಕ್ಷಕ ಹಿಡಿಯುತ್ತದೆ ಎಂದು ನೆಚ್ಚಬೇಡಿ. ಪ್ರತ್ಯಯಗಳನ್ನು ಸಾಲಾಗಿ ಅಂಟಿಸಿಕೊಳ್ಳುವ ನಮ್ಮ ಭಾಷೆಯಲ್ಲಿ ಅದು ಸರಿಯಾದ ಪದಗಳಿಗೇ ಕೆಂಪು ಗೆರೆ ಎಳೆಯುತ್ತದೆ.

ಯಾವ ನಿಯಮಕ್ಕೂ ಸಿಗದ ತಪ್ಪುಗಳು ಕೊನೆಗೂ ಉಳಿಯುತ್ತವೆ. ಎತ್ವದ ಎಳೆ ಸವೆದಿದ್ದರೆ ‘ಹೆಣ’ ಎಂಬುದು ‘ಹಣ’ ಆಗುತ್ತದೆ. ‘ಬಾವಿಯಲ್ಲಿ ಹಣ ಸಿಕ್ಕಿತು’ ಎಂಬುದು ಶುದ್ಧವಾದ ಕನ್ನಡ ವಾಕ್ಯ, ಪತ್ತೇದಾರನಿಗೆ ಮಾತ್ರ ಕೆಲಸವೇ ಉಳಿಯುವುದಿಲ್ಲ. ‘ಮರ’ ಮತ್ತು ‘ವರ’, ‘ದನ’ ಮತ್ತು ‘ಧನ’, ‘ಕಲೆ’ ಮತ್ತು ‘ಕೊಲೆ’ ಇದೇ ಜಾತಿಯವು. ಇವುಗಳಿಗೆ ಮದ್ದು ಒಂದೇ, ಮೂಲಪುಟವನ್ನು ಎದುರಿಗಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಓದುವುದು. ಇಬ್ಬರಿದ್ದರೆ ಒಬ್ಬರು ಪರದೆಯ ಪಠ್ಯವನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಪುಸ್ತಕದ ಮೇಲೆ ಕಣ್ಣಿಟ್ಟಿರಲಿ. ಹಿಂದೆ ಮುದ್ರಣಾಲಯಗಳಲ್ಲಿ ಕರಡು ನೋಡುತ್ತಿದ್ದುದೂ ಹೀಗೆಯೇ. ಒಬ್ಬರೇ ಆದರೆ ಪರದೆಯ ಪಠ್ಯವನ್ನು ಯಂತ್ರದಿಂದ ಓದಿಸಿ, ಪುಸ್ತಕವನ್ನು ನೋಡುತ್ತ ಕೇಳಬಹುದು. ಕಥೆಯಲ್ಲಿ ಮುಳುಗಿದರೆ ತಪ್ಪು ಕಾಣುವುದಿಲ್ಲವಾದ್ದರಿಂದ, ಕೆಲವರು ಕೊನೆಯ ಅಧ್ಯಾಯದಿಂದ ಮೊದಲಿನತ್ತ ತಿದ್ದುತ್ತ ಬರುತ್ತಾರೆ. ಅಭಿಮಾನಿಗಳಿಗೆ ಇದು ಬಹಳ ಉಪಯುಕ್ತವಾದ ಉಪಾಯ.

ತಿದ್ದುವವರು ಲೇಖಕರನ್ನು ತಿದ್ದಬಾರದು. ಒಂದೇ ಪುಸ್ತಕದಲ್ಲಿ ‘ಪತ್ತೇದಾರ’ ಎಂದೂ ‘ಪತ್ತೆದಾರ’ ಎಂದೂ ಇದ್ದರೆ ಎರಡನ್ನೂ ಹಾಗೆಯೇ ಬಿಡಬೇಕು. ಮೊಳೆ ತಲೆಕೆಳಗಾದಂಥ ಸ್ಪಷ್ಟ ಅಚ್ಚಿನ ದೋಷವನ್ನು ಸರಿಪಡಿಸಿದರೂ, ಪುಟಸಂಖ್ಯೆಯೊಡನೆ ಅದನ್ನು ಪ್ರತ್ಯೇಕ ಪಟ್ಟಿಯಲ್ಲಿ ಬರೆದಿಡಬೇಕು. ಇಂದಿನ ಕಿವಿಗೆ ಒಪ್ಪದ ಮಾತು, ಹಳೆಯ ಕಾಲದ ಜಾಹೀರಾತು, ‘ಈ ಲೇಖಕರ ಮುಂದಿನ ಕಾದಂಬರಿ ನಿರೀಕ್ಷಿಸಿ’ ಎಂಬ ಪ್ರಕಟಣೆ, ಬೆಲೆ, ಮುದ್ರಣಾಲಯದ ವಿಳಾಸ, ಯಾವುದನ್ನೂ ಬಿಡಬೇಡಿ. ಆ ಲೇಖಕರ ಉಳಿದ ಪುಸ್ತಕಗಳ ಪಟ್ಟಿ ಎಷ್ಟೋ ಸಲ ಸಿಗುವುದು ಆ ಜಾಹೀರಾತಿನಲ್ಲಿ ಮಾತ್ರ.

ಇ-ಪುಸ್ತಕ ಕಟ್ಟುವುದು ದೊಡ್ಡ ಮಾತಲ್ಲ. ಅಧ್ಯಾಯಗಳ ತಲೆಬರಹಗಳನ್ನು ಗುರುತಿಸಿದ ಪಠ್ಯವನ್ನು ಕ್ಯಾಲಿಬರ್ ಅಥವಾ ಸಿಗಿಲ್ ಎಂಬ ತಂತ್ರಾಂಶಕ್ಕೆ ಕೊಟ್ಟರೆ ಇಪಬ್ ಎಂಬ ಇ-ಪುಸ್ತಕ ಕಡತ ಸಿದ್ಧವಾಗುತ್ತದೆ. ಇ-ಪುಸ್ತಕ ಓದುವ ಕೆಲವು ಸಾಧನಗಳಲ್ಲಿ ಒತ್ತಕ್ಷರಗಳು ಒಡೆದು ಕಾಣುವುದರಿಂದ ನೋಟೊ ಸೆರಿಫ್ ಕನ್ನಡದಂಥ ಮುಕ್ತ ಅಕ್ಷರ ವಿನ್ಯಾಸವನ್ನು ಕಡತದೊಳಗೇ ಸೇರಿಸಿ, ಎರಡು ಮೂರು ಸಾಧನಗಳಲ್ಲಿ ತೆರೆದು ನೋಡುವುದು ಉಚಿತ.

ಹಂಚುವ ಹಕ್ಕು

ಅಚ್ಚಿನಲ್ಲಿ ಇಲ್ಲದ ಪುಸ್ತಕಕ್ಕೆ ಕೃತಿಸ್ವಾಮ್ಯವೂ ಇಲ್ಲವೆಂದು ತಿಳಿಯುವವರು ಬಹಳ, ಅದು ತಪ್ಪು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ ಎಣಿಸಿ 60 ವರ್ಷಗಳವರೆಗೆ ಹಕ್ಕು ಅವರ ವಾರಸುದಾರರಿಗೆ ಅಥವಾ ಅವರು ಬರೆದುಕೊಟ್ಟವರಿಗೆ ಸೇರಿರುತ್ತದೆ. 1964ರಲ್ಲಿ ತೀರಿಕೊಂಡವರ ಕೃತಿಗಳು 2025ರ ಜನವರಿ 1ರಂದು ಸಾರ್ವಜನಿಕವಾದವು. ಕಾವ್ಯನಾಮದಲ್ಲಿ ಬರೆದು, ನಿಜವಾದ ಲೇಖಕರು ಯಾರೆಂದು ಬಹಿರಂಗವಾಗದ ಕೃತಿಗೆ ಪ್ರಕಟಣೆಯಿಂದ 60 ವರ್ಷ. ಮುಖಪುಟದ ಚಿತ್ರ ಕಲಾವಿದರದ್ದಾದ್ದರಿಂದ ಅದರ ಲೆಕ್ಕವೇ ಬೇರೆ.

ನಿಮ್ಮ ಸ್ವಂತ ಓದಿಗೆ ಅಥವಾ ಸಂಶೋಧನೆಗೆ ನ್ಯಾಯವಾದ ಮಿತಿಯಲ್ಲಿ ಬಳಸಿಕೊಳ್ಳಲು ಕಾಯ್ದೆಯ 52ನೇ ಕಲಮಿನಲ್ಲಿ ಅವಕಾಶವಿದೆ. 2012ರ ತಿದ್ದುಪಡಿಯಿಂದಾಗಿ, ಮಾಮೂಲಿ ಪುಸ್ತಕ ಓದಲಾಗದ ವಿಕಲಚೇತನರಿಗೆಂದು ಅವರಿಗೆ ಒದಗುವ ರೂಪದಲ್ಲಿ ಪ್ರತಿ ಮಾಡಿ ಕೊಡುವುದಕ್ಕೂ ಅದೇ ಕಲಮಿನಲ್ಲಿ ಜಾಗವಿದೆ. ತಿದ್ದಿದ ಪಠ್ಯದ ಅತಿ ದೊಡ್ಡ ಪ್ರಯೋಜನ ಬಹುಶಃ ಇದೇ. ಉಳಿದಂತೆ, ಹಕ್ಕು ಜೀವಂತವಾಗಿರುವ ಪುಸ್ತಕವನ್ನು ವಾಟ್ಸಾಪ್ ಗುಂಪಿಗೆ ಹಾಕುವುದೂ ಹಂಚಿಕೆಯೇ.

ಅನುಮತಿ ಕೇಳುವುದು ಅಂದುಕೊಂಡಷ್ಟು ಕಷ್ಟವಲ್ಲ. ಲೇಖಕರ ಮಕ್ಕಳಿಗೆ ತಮ್ಮ ಬಳಿಯೇ ಪ್ರತಿ ಇಲ್ಲದಿರುವುದುಂಟು. ತಿದ್ದಿದ ಎರಡು ಅಧ್ಯಾಯಗಳನ್ನು ಮುದ್ರಿಸಿಕೊಂಡು ಹೋಗಿ ತೋರಿಸಿದರೆ ಮಾತು ಸುಲಭವಾಗುತ್ತದೆ. ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಮತ್ತು ಯಾವ ರೂಪದಲ್ಲಿ, ಎಲ್ಲಿ, ಉಚಿತವಾಗಿಯೋ ಬೆಲೆಗೋ ಎಂಬುದನ್ನು ಅದರಲ್ಲಿ ಸ್ಪಷ್ಟವಾಗಿ ಬರೆಸಿ.

ಸಾರ್ವಜನಿಕವಾದ ಕೃತಿ ಅಥವಾ ಮುಕ್ತ ಪರವಾನಗಿ ಸಿಕ್ಕ ಕೃತಿಯಾದರೆ ಪುಸ್ತಕಗಳ ಪಠ್ಯವನ್ನು ಎಲ್ಲರೂ ಸೇರಿ ತಿದ್ದಿಡುವ ಜಾಲತಾಣವಾದ ಕನ್ನಡ ವಿಕಿಸೋರ್ಸ್ ಸೂಕ್ತ ಮನೆ. ಅಲ್ಲಿ ಪುಟದ ಚಿತ್ರ ಮತ್ತು ಪಠ್ಯ ಅಕ್ಕಪಕ್ಕದಲ್ಲಿರುತ್ತವೆ, ಓಸಿಆರ್ ಗುಂಡಿಯೂ ಇದೆ. ತಿದ್ದದ ಪುಟ ಕೆಂಪು, ಒಬ್ಬರು ತಿದ್ದಿದ್ದು ಹಳದಿ. ಹಸಿರಾಗಬೇಕಾದರೆ ಬೇರೊಬ್ಬರು ಮತ್ತೊಮ್ಮೆ ಮೂಲದೊಡನೆ ಓದಿ ಒಪ್ಪಬೇಕು, ತಿದ್ದಿದವರೇ ಹಸಿರು ಒತ್ತುವಂತಿಲ್ಲ. ಅನುಮತಿ ಸಿಗದಿದ್ದರೆ ಚಿತ್ರಗಳನ್ನೂ ಪಠ್ಯವನ್ನೂ ಬೇರೆಬೇರೆ ಎರಡು ಡಿಸ್ಕುಗಳಲ್ಲಿ ಇಟ್ಟು, ಜೊತೆಗೆ ಒಂದು ಚಿಕ್ಕ ಪಠ್ಯಕಡತದಲ್ಲಿ ಪುಸ್ತಕದ ವಿವರ, ಯಾವ ಮುದ್ರಣ, ಯಾವ ಪುಟ ಕಾಣೆ, ಎಷ್ಟು ಪುಟ ತಿದ್ದಿಯಾಗಿದೆ ಎಂಬುದನ್ನು ಬರೆದಿಡಿ. ಲೇಖಕರು ತೀರಿಕೊಂಡ ವರ್ಷ 1990 ಆಗಿದ್ದರೆ, ಆ ಕಡತದ ಮೊದಲ ಸಾಲಿನಲ್ಲಿ ‘2051ರ ಜನವರಿ 1ರಿಂದ ಯಾರು ಬೇಕಾದರೂ ಪ್ರಕಟಿಸಬಹುದು’ ಎಂದು ನಮೂದಿಸಿ, ಡಿಸ್ಕು ಎಲ್ಲಿದೆಯೆಂದು ಮನೆಯ ಕಿರಿಯರೊಬ್ಬರಿಗೆ ಹೇಳಿರಿ.